ಸಾದಿಲ್ವಾರು ಬರೆಯುವ ಕೈಗಳಿಗೂ ಪಾಠ ಬೇಕು

ಮಾನ್ಯರೆ,

ಹುಬ್ಬಳ್ಳಿಯ ಗೋಕುಲ ರಸ್ತೆಯ ಬದಿಗೆ ವಾಲ್ವ್ ಬಿಡಿಭಾಗ ತಯಾರಿಸುವ ಸಣ್ಣ ಪ್ರೈವೇಟ್ ಲಿಮಿಟೆಡ್ ಕಂಪನಿಯೊಂದರಲ್ಲಿ 23 ವರ್ಷಗಳಿಂದ ಲೆಕ್ಕ ಬರೆಯುತ್ತಿದ್ದೇನೆ. 38 ಜನ ಕೆಲಸಗಾರರು, ನಾಲ್ಕು ಸಿಎನ್‌ಸಿ ಯಂತ್ರ, ಒಂದು ಟೆಂಪೊ. ಬಿ.ಕಾಂ. ಮುಗಿಸಿ ಸೇರಿದ ಮೊದಲ ವಾರ ಹಿರಿಯ ಗುಮಾಸ್ತರು ನನಗೆ ಕಲಿಸಿದ ಮೊದಲ ಪದ ‘ಸಾದಿಲ್ವಾರು’, ಅಂದರೆ ಚಿಲ್ಲರೆ ಖರ್ಚಿನ ಖಾತೆ. ಚಹಾ, ಶುಕ್ರವಾರದ ಪೂಜೆಯ ಹೂವು, ಆಟೊ ಬಾಡಿಗೆ ಎಲ್ಲ ಅದರಲ್ಲೇ. ‘ರಸೀದಿ ಸಿಗದ ರೊಕ್ಕಾನೂ ಇಲ್ಲೇ ಹಾಕು, ಯಾರಿಗೆ ಕೊಟ್ಟದ್ದು ಅಂತ ಮಾತ್ರ ಬರೀಬ್ಯಾಡ’ ಅಂದಿದ್ದರು. ಏಕೆಂದು ನಾನು ಕೇಳಲಿಲ್ಲ. ಕೇಳಬೇಕಿತ್ತು ಎಂದು ಇವತ್ತು ಅನ್ನಿಸುತ್ತದೆ.

ಉದ್ಯಮಗಳಿಗೆ ಪ್ರಾಮಾಣಿಕತೆಯ ತರಬೇತಿ ಕೊಡಬೇಕು ಎಂಬ ಮಾತು ಈಗ ಎಲ್ಲೆಡೆ ಕೇಳುತ್ತಿದೆ. ಷೇರುಪೇಟೆಯ ಮೊದಲ 1000 ಕಂಪನಿಗಳು ತಮ್ಮ ನಡವಳಿಕೆ ಎಷ್ಟು ಜವಾಬ್ದಾರಿಯುತವಾಗಿದೆ ಎಂಬ ವರದಿಯನ್ನು 2022–23ರಿಂದ ಷೇರುಪೇಟೆ ನಿಯಂತ್ರಕ ಸೆಬಿಯ ನಿಯಮದಂತೆ ಕಡ್ಡಾಯವಾಗಿ ಪ್ರಕಟಿಸಬೇಕಾಗಿದೆ. ಹಾಗಾಗಿ ಆ ಕಂಪನಿಗಳು ನಮ್ಮಂಥ ಪೂರೈಕೆದಾರರಿಗೂ ನೀತಿಸಂಹಿತೆ ಕಳಿಸಿ ಸಹಿ ಕೇಳುತ್ತವೆ. ಇದು ಒಳ್ಳೆಯ ಬೆಳವಣಿಗೆ, ಮನಸಾರೆ ಸ್ವಾಗತಿಸುತ್ತೇನೆ. ಆದರೆ ತರಬೇತಿ ತಲುಪುತ್ತಿರುವುದು ಯಾರಿಗೆ ಎಂಬುದನ್ನು ಹೇಳಲೇಬೇಕು ಅನ್ನಿಸಿ ಈ ಪತ್ರ ಬರೆಯುತ್ತಿದ್ದೇನೆ.

ಕಳೆದ ವರ್ಷ ನಮ್ಮ ದೊಡ್ಡ ಗಿರಾಕಿ ಕಂಪನಿಯೊಂದು ಯಜಮಾನರನ್ನು ಬೆಂಗಳೂರಿನ ಹೋಟೆಲಿಗೆ ಕರೆಸಿ ಒಂದು ದಿನದ ಕಾರ್ಯಾಗಾರ ನಡೆಸಿತು. ನಮಗೆ, ಅಂದರೆ ಲೆಕ್ಕ, ಸ್ಟೋರ್ಸ್ ಮತ್ತು ಡಿಸ್‌ಪ್ಯಾಚ್‌ನವರಿಗೆ, ಮೊಬೈಲಿಗೆ ಒಂದು ಲಿಂಕ್ ಬಂತು. 40 ನಿಮಿಷದ ಇಂಗ್ಲಿಷ್ ವಿಡಿಯೊ, ಕೊನೆಗೆ ಹತ್ತು ಪ್ರಶ್ನೆ. ಸ್ಟೋರ್ಸ್ ಹುಡುಗ ಐಟಿಐ ಮಾಡಿದವನು, ಡ್ರಾಯಿಂಗ್ ನೋಡಿ ಮೈಕ್ರಾನ್ ಲೆಕ್ಕ ಹೇಳಬಲ್ಲ. ಆ ವಿಡಿಯೊದ ಒಂದು ವಾಕ್ಯವೂ ಅವನಿಗೆ ಹತ್ತಲಿಲ್ಲ. ಡಿಸ್‌ಪ್ಯಾಚ್‌ನವರು ಮೊದಲೇ ಉತ್ತರ ಕಂಡುಕೊಂಡಿದ್ದರು, ಅವರನ್ನು ನೋಡಿ ಒತ್ತಿದ. ಹತ್ತಕ್ಕೆ ಹತ್ತು ಅಂಕ ಬಂದು, ಪ್ರಮಾಣಪತ್ರ ಮುದ್ರಿಸಿ ಫೈಲಿಗೆ ಸೇರಿಸಿದೆವು. ನಮ್ಮ ಟೆಂಪೊ ಡ್ರೈವರ್‌ಗೆ ಲಿಂಕೇ ಬರಲಿಲ್ಲ. ಗೇಟಿನಲ್ಲಿ, ಚೆಕ್‌ಪೋಸ್ಟಿನಲ್ಲಿ, ಕಚೇರಿಯ ಕೌಂಟರಿನಲ್ಲಿ ಜೇಬಿಗೆ ಕೈ ಹಾಕಬೇಕಾದವನು ಅವನೇ.

ವಾರ ಕಳೆದ ಮೇಲೆ ಸ್ಟೋರ್ಸ್ ಹುಡುಗ ಊಟದ ಹೊತ್ತಿಗೆ ನನ್ನ ಮೇಜಿನ ಹತ್ತಿರ ಬಂದು ನಿಂತ. ‘ಮೇಡಂ, ಆ ಕಂಪನಿ ಪರ್ಚೇಸ್‌ನವರು ದೀಪಾವಳಿಗೆ ಸ್ವೀಟ್ ಬಾಕ್ಸ್ ಜೋಡಿ ಕವರ್ ಕಳಸ್ರಿ ಅಂತಾರ. ಕಳಸ್ಲಿಲ್ಲಂದ್ರ ನಮ್ಮ ಲಾಟ್ ರಿಜೆಕ್ಟ್ ಮಾಡ್ತಾರ. ನಾ ಏನ್ ಹೇಳ್ಬೇಕ?’ ನಮಗೆ ನೀತಿಸಂಹಿತೆ ಕಳಿಸಿದ ಅದೇ ಕಂಪನಿ. ಹತ್ತು ಪ್ರಶ್ನೆಗಳಲ್ಲಿ ಈ ಪ್ರಶ್ನೆ ಇರಲಿಲ್ಲ. ನನ್ನ ಹತ್ತಿರವೂ ಉತ್ತರ ಇರಲಿಲ್ಲ. ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಮರುದಿನದಿಂದ ಕಾಯ್ದೆ ಓದಲು ಕುಳಿತೆ.

ಓದಿದಷ್ಟೂ ಹೆದರಿಕೆಯಾಯಿತು. 1988ರ ಭ್ರಷ್ಟಾಚಾರ ತಡೆ ಕಾಯ್ದೆಗೆ 2018ರಲ್ಲಿ ತಿದ್ದುಪಡಿಯಾಗಿದೆ. ಸರ್ಕಾರಿ ನೌಕರನಿಗೆ ಲಂಚ ಕೊಡುವುದೂ ಈಗ ನೇರ ಅಪರಾಧ, ಏಳು ವರ್ಷದವರೆಗೆ ಜೈಲು ಆಗಬಹುದು. ಬಲವಂತಕ್ಕೆ ಕೊಟ್ಟವರಿಗೆ ರಕ್ಷಣೆ ಇದೆ, ಆದರೆ ಕೊಟ್ಟ ಏಳು ದಿನದೊಳಗೆ ಪೊಲೀಸರಿಗೋ ತನಿಖಾ ಸಂಸ್ಥೆಗೋ ತಿಳಿಸಿದ್ದರೆ ಮಾತ್ರ. ಮೊದಲೇ ತಿಳಿಸಿ, ಅವರಿಗೆ ನೆರವಾಗಲೆಂದು ಕೊಟ್ಟರೆ ಅಪರಾಧವಾಗದು. ಕಂಪನಿಯ ಪರವಾಗಿ ನೌಕರನೋ ಏಜೆಂಟನೋ ಕೊಟ್ಟರೆ ಕಂಪನಿಗೂ ದಂಡ. ಇಂಥದ್ದು ನಡೆಯದಂತೆ ಸಾಕಷ್ಟು ಕ್ರಮ ಕೈಗೊಂಡಿದ್ದೆವು ಎಂದು ಕಂಪನಿಯೇ ಸಾಬೀತು ಮಾಡಬೇಕು. ಗೊತ್ತಿದ್ದೂ ಒಪ್ಪಿಗೆ ಕೊಟ್ಟ ನಿರ್ದೇಶಕ ಅಥವಾ ಅಧಿಕಾರಿಗೆ ಕನಿಷ್ಠ ಮೂರು ವರ್ಷ ಶಿಕ್ಷೆ. ಈ ಏಳು ದಿನದ ವಿಚಾರ ನಮ್ಮ ಸಾಲಿನ ಎಂಟು ಕಾರ್ಖಾನೆಗಳ ಲೆಕ್ಕದವರನ್ನು ಕೇಳಿದೆ. ಒಬ್ಬರಿಗೂ ಗೊತ್ತಿರಲಿಲ್ಲ. ಕೊಟ್ಟವರು ಬಡಪಾಯಿಗಳು, ತಪ್ಪೇನಿದ್ದರೂ ತಗೊಂಡವರದು ಎಂದೇ ಎಲ್ಲರೂ ನಂಬಿದ್ದಾರೆ.

ನನ್ನ ಕಪಾಟಿನಲ್ಲಿ ಹಳೆಯ ವೋಚರ್‌ಗಳಿವೆ. ಒಬ್ಬರಿಗೆ ಒಂದೇ ದಿನ 10,000 ರೂಪಾಯಿಗಿಂತ ಹೆಚ್ಚು ನಗದು ಕೊಟ್ಟರೆ ಆದಾಯ ತೆರಿಗೆಯಲ್ಲಿ ಆ ಖರ್ಚು ಒಪ್ಪುವುದಿಲ್ಲ. ಅದಕ್ಕೆ ಸೋಮವಾರ 9,500, ಮಂಗಳವಾರ 9,500 ಎಂದು ಒಡೆದು ಬರೆದ ಚೀಟಿಗಳು. ‘ಸಾಗಣೆ ಇತರೆ’, ‘ಸೈಟ್ ಖರ್ಚು’, ‘ಕನ್ಸಲ್ಟಂಟ್ ಮುಂಗಡ’. ಅಕ್ಷರ ನನ್ನದೇ, ದುಂಡಗೆ, ಎಲ್ಲೂ ಚಿತ್ತಿಲ್ಲದೆ. ಅಪರಾಧಕ್ಕೆಂದು ಮಾಡಿದ ಖರ್ಚನ್ನು ಆದಾಯದಲ್ಲಿ ಕಳೆಯಲು ತೆರಿಗೆ ಕಾನೂನು ಬಿಡುವುದಿಲ್ಲ ಎಂಬುದೂ ಈಗ ಓದಿ ತಿಳಿದದ್ದು. 2023ರ ಏಪ್ರಿಲ್ 1ರಿಂದ ಕಂಪನಿಗಳ ಲೆಕ್ಕದ ಸಾಫ್ಟ್‌ವೇರ್‌ನಲ್ಲಿ ಪ್ರತಿಯೊಂದು ತಿದ್ದುಪಡಿಯ ಜಾಡು ಉಳಿಯಲೇಬೇಕು. ಯಾವ ದಿನ, ಯಾರ ಲಾಗಿನ್‌ನಿಂದ ಏನು ಬದಲಾಯಿತು ಎಲ್ಲ ಗೊತ್ತಾಗುತ್ತದೆ. ಲಾಗಿನ್ ನನ್ನ ಹೆಸರಿನದು. ಯಜಮಾನರು ಬಾಯಲ್ಲಿ ಹೇಳುತ್ತಾರೆ, ಬರೆದಿಡುವವಳು ನಾನು.

ನಮ್ಮ ಯಜಮಾನರು ಕೆಟ್ಟವರಲ್ಲ. ಸಂಬಳ ಒಂದು ತಿಂಗಳೂ ತಡಮಾಡಿದವರಲ್ಲ. ಆದರೆ ಕಳಿಸಿದ ಸರಕಿನ ಬಿಲ್ಲಿಗೆ ಆರು ತಿಂಗಳಾದರೂ ಹಣ ಬಾರದಿದ್ದಾಗ, ಬಿಲ್ ಪಾಸು ಮಾಡಿಸಲು ಗಿರಾಕಿ ಕಂಪನಿಯ ಗುಮಾಸ್ತನಿಗೆ ‘ಏನಾದರೂ’ ಕೊಟ್ಟು ಬರಲು ಹೇಳುತ್ತಾರೆ. ಸಣ್ಣ ಉದ್ದಿಮೆಗಳಿಗೆಂದು ಇರುವ 2006ರ ಎಂಎಸ್‌ಎಂಇ ಕಾಯ್ದೆ ಪ್ರಕಾರ, ಬರಹದ ಒಪ್ಪಂದವಿದ್ದರೂ ಹಣ ಕೊಡಲು 45 ದಿನ ದಾಟುವಂತಿಲ್ಲ. ದಾಟಿದರೆ ರಿಸರ್ವ್ ಬ್ಯಾಂಕಿನ ‘ಬ್ಯಾಂಕ್ ದರ’ದ ಮೂರು ಪಟ್ಟು ಬಡ್ಡಿ, ಅದೂ ಚಕ್ರಬಡ್ಡಿ. ಬಡ್ಡಿ ಕೇಳುವ ಧೈರ್ಯ ಯಾವ ಸಣ್ಣ ಪೂರೈಕೆದಾರನಿಗಿದೆ? ಮುಂದಿನ ಆರ್ಡರ್ ಕೈತಪ್ಪುತ್ತದೆ. ಸರ್ಕಾರಿ ನೌಕರರಿಗೆಂದು ಇರುವ ಭ್ರಷ್ಟಾಚಾರ ತಡೆ ಕಾಯ್ದೆ ಖಾಸಗಿ ಕಂಪನಿಯ ಪರ್ಚೇಸ್ ಅಧಿಕಾರಿಯ ಕವರನ್ನು ಮುಟ್ಟುವುದಿಲ್ಲ. ಅವನನ್ನು ತಿದ್ದಬೇಕಾದವರು ಅವನ ಕಂಪನಿಯವರೇ. ಆದ್ದರಿಂದ ದೊಡ್ಡ ಕಂಪನಿಗಳಲ್ಲಿ ನನ್ನ ಕೋರಿಕೆ: ನಮಗೆ ವಿಡಿಯೊ ಕಳಿಸುವ ಮೊದಲು ನಿಮ್ಮ ಪರ್ಚೇಸ್, ಇನ್‌ಸ್ಪೆಕ್ಷನ್, ಬಿಲ್ ಪಾಸಿಂಗ್ ಮೇಜುಗಳಲ್ಲಿ ಕುಳಿತವರಿಗೆ ಪಾಠ ಮಾಡಿ. 45 ದಿನದೊಳಗೆ ಹಣ ಹಾಕಿ. ನಮ್ಮ ಸಾದಿಲ್ವಾರಿನ ಅರ್ಧ ಅಲ್ಲಿಗೇ ಕರಗುತ್ತದೆ.

ಬೆಂಗಳೂರಿನ ಕಾರ್ಯಾಗಾರದಲ್ಲಿ ಜರ್ಮನಿಯ ಸೀಮೆನ್ಸ್ ಕಂಪನಿಯ ಕಥೆ ಹೇಳಿದರಂತೆ. ಲಂಚದ ಪ್ರಕರಣ ಇತ್ಯರ್ಥಕ್ಕೆ ಆ ಕಂಪನಿ 2008ರ ಡಿಸೆಂಬರಿನಲ್ಲಿ ಅಮೆರಿಕ ಮತ್ತು ಜರ್ಮನಿಗೆ ಸೇರಿ ಸುಮಾರು 160 ಕೋಟಿ ಡಾಲರ್ ತೆತ್ತಿತು ಎಂದು ಯಜಮಾನರು ಬಂದು ಬೆರಗಿನಿಂದ ಹೇಳಿದರು. ನಾನು ಹುಡುಕಿ ಓದಿದಾಗ ನನ್ನ ಕಣ್ಣಿಗೆ ಬಿದ್ದದ್ದು ಬೇರೆ. ಅದೇ ವರ್ಷದ ಜುಲೈನಲ್ಲಿ ಮ್ಯೂನಿಕ್ ನ್ಯಾಯಾಲಯ ಮೊದಲು ತಪ್ಪಿತಸ್ಥನೆಂದು ತೀರ್ಪು ಕೊಟ್ಟದ್ದು ಆ ಗುಪ್ತ ಹಣದ ವ್ಯವಹಾರ ನೋಡಿಕೊಳ್ಳುತ್ತಿದ್ದ ಮಧ್ಯಮ ದರ್ಜೆಯ ಮ್ಯಾನೇಜರನ ಮೇಲೆ. ಅಷ್ಟು ದೊಡ್ಡ ಕಂಪನಿಯಲ್ಲೂ ಆ ನ್ಯಾಯಾಲಯದಲ್ಲಿ ಮೊದಲು ಸಿಕ್ಕಿಬಿದ್ದದ್ದು ಲೆಕ್ಕ ಇಟ್ಟವನೇ.

ನಮಗೆ ಬೇಕಾದ ತರಬೇತಿ ಬಹಳ ದೊಡ್ಡದಲ್ಲ. ಕನ್ನಡದಲ್ಲಿರಲಿ, ಕಾರ್ಖಾನೆಯ ನೆಲದಲ್ಲೇ ನಡೆಯಲಿ, ಶಿಫ್ಟ್ ಬದಲಾಗುವ ಹೊತ್ತಿಗೆ ಒಂದು ಗಂಟೆ ಸಾಕು. ಡ್ರೈವರ್, ವಾಚ್‌ಮನ್, ಸ್ಟೋರ್ಸ್, ಲೆಕ್ಕ ಎಲ್ಲರೂ ಕುಳಿತುಕೊಳ್ಳಲಿ. ‘ಪ್ರಾಮಾಣಿಕತೆ ಎಂದರೇನು’ ಎಂಬ ಭಾಷಣ ಬೇಡ, ಅದು ನಮಗೆ ಮನೆಯಲ್ಲೇ ಕಲಿಸಿದ್ದಾರೆ. ಕೌಂಟರಿನಲ್ಲಿ ಕೇಳಿದಾಗ ಬಾಯಲ್ಲಿ ಬರಬೇಕಾದ ಮಾತು ಯಾವುದು, ಅದನ್ನು ಆಡಿಸಿ ಕಲಿಸಿ. ಯಾವ ಅರ್ಜಿಗೆ ನಿಜವಾದ ಶುಲ್ಕ ಎಷ್ಟು ಎಂಬ ಪಟ್ಟಿ ಕೊಡಿ. ಶುಲ್ಕ ಗೊತ್ತಿದ್ದವನು ರಸೀದಿ ಕೇಳಬಲ್ಲ. ಗೊತ್ತುಪಡಿಸಿದ ದಿನದೊಳಗೆ ಸರ್ಕಾರಿ ಸೇವೆ ಕೊಡುವ ‘ಸಕಾಲ’ ಯೋಜನೆಯ ಅಡಿ ಬರುವ ಸೇವೆಯಾದರೆ, ಅರ್ಜಿಗೆ ಕೊಡುವ ಜಿಎಸ್‌ಸಿ ಸಂಖ್ಯೆಯ ಸ್ವೀಕೃತಿ ಪಡೆಯದೆ ಕೌಂಟರ್ ಬಿಡಬಾರದು ಎಂದು ಹೇಳಿಕೊಡಿ. ಏಳು ದಿನದೊಳಗೆ ಲೋಕಾಯುಕ್ತ ಪೊಲೀಸರ ಹತ್ತಿರ ಹೋಗುವುದು ಹೇಗೆ, ಏನು ಬರೆಯಬೇಕು ಎಂಬುದನ್ನು ಒಮ್ಮೆ ಬರೆಸಿ ತೋರಿಸಿ. ಒಂಟಿ ಕಾರ್ಖಾನೆ ದೂರು ಕೊಟ್ಟರೆ ಮರುವಾರವೇ ತಪಾಸಣೆ ಬಂದೀತು ಎಂಬ ಭಯ ಸುಳ್ಳಲ್ಲ. ಹಾಗಾಗಿ ಕೈಗಾರಿಕಾ ಸಂಘಗಳು ಸದಸ್ಯರ ಪರವಾಗಿ ತಾವೇ ಮುಂದೆ ನಿಂತು ದೂರು ಕೊಡುವ ಪದ್ಧತಿ ಮಾಡಬೇಕು. ವರ್ಷಕ್ಕೊಮ್ಮೆ ಜಾಗೃತಿ ಸಪ್ತಾಹದಲ್ಲಿ ಪ್ರತಿಜ್ಞೆ ಓದಿಸಿ ಫೋಟೊ ತೆಗೆಸಿಕೊಳ್ಳುವುದರಿಂದ ನಮ್ಮ ಸ್ಟೋರ್ಸ್ ಹುಡುಗನ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ.

ಈ ಏಪ್ರಿಲ್‌ನಲ್ಲಿ ಹೊಸ ಲೆಕ್ಕದ ವರ್ಷ ಶುರುವಾಗುವ ಹಿಂದಿನ ದಿನ ಯಜಮಾನರ ಮುಂದೆ ಕುಳಿತು ಹೇಳಿದೆ: ಇನ್ನು ಮೇಲೆ ಯಾರಿಗೆ, ಯಾಕೆ ಎಂದು ಬರೆಯದ ಚೀಟಿಯನ್ನು ನಾನು ಲೆಕ್ಕಕ್ಕೆ ತಗೊಳ್ಳುವುದಿಲ್ಲ. ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, ‘ಡ್ರೈವರ್‌ಗೂ ನೀವೇ ತಿಳಿಸಿ ಹೇಳಿ’ ಅಂದರು. ಶನಿವಾರ ಸಂಜೆ ಅರ್ಧ ಗಂಟೆ ಅವನಿಗೂ ಸ್ಟೋರ್ಸ್ ಹುಡುಗನಿಗೂ ನನಗೆ ತಿಳಿದಷ್ಟು ಹೇಳಿದೆ.

ಅದರ ಮರುತಿಂಗಳು ಗಿರಾಕಿ ಕಂಪನಿಯೊಂದರ ಗೇಟಿನಲ್ಲಿ ಸರಕು ಇಳಿಸಲು 300 ರೂಪಾಯಿ ಕೇಳಿದರು. ನಮ್ಮ ಡ್ರೈವರ್ ‘ರಸೀದಿ ಕೊಡ್ರಿ, ಕೊಡ್ತೇನಿ’ ಅಂದ. ಟೆಂಪೊ ಬದಿಗೆ ಹಾಕಿಸಿದರು. ಬಿಸಿಲಲ್ಲಿ ಕಾದ, ಮಧ್ಯೆ ಎರಡು ಸಲ ನನಗೆ ಫೋನ್ ಮಾಡಿದ, ನಾನು ಕಾಯಿ ಎಂದೆ. ಡೆಲಿವರಿ ಚಲನ್ ಮೇಲೆ ಒಳಗೆ ಹೋದ ಸಮಯ 11.40, ಹೊರಬಂದದ್ದು 6.15 ಎಂದಿದೆ. ರೊಕ್ಕ ಕೊಡದೆಯೇ ಸರಕು ಇಳಿಯಿತು. ಅವನ ಆ ದಿನದ ಓವರ್‌ಟೈಮ್ 340 ರೂಪಾಯಿ ಆಯಿತು. ಅದನ್ನು ವೇತನದ ಖಾತೆಯಲ್ಲಿ, ಅವನ ಹೆಸರು ಹಾಕಿ, ಕಾರಣ ಸಮೇತ ಬರೆದಿದ್ದೇನೆ.

– ಸಣ್ಣ ಕಾರ್ಖಾನೆಯೊಂದರ ಲೆಕ್ಕಪತ್ರ ಸಹಾಯಕಿ, ಗೋಕುಲ ರಸ್ತೆ, ಹುಬ್ಬಳ್ಳಿ