ಟಿಆರ್‌ಪಿ ಪಟ್ಟಿ ಗುಣಮಟ್ಟದ ಪಟ್ಟಿಯಲ್ಲ

ಮಾನ್ಯ ಸಂಪಾದಕರೇ,

ಕಿರುತೆರೆ ಪುಟದಲ್ಲಿ ವಾರವಾರ ಬರುವ ಟಿಆರ್‌ಪಿ ಪಟ್ಟಿಗೆ ‘ಅತ್ಯುತ್ತಮ ಧಾರಾವಾಹಿಗಳು’ ಎಂಬ ತಲೆಬರಹ ಕೊಡುವುದನ್ನು ದಯವಿಟ್ಟು ಕೈಬಿಡಿ. ಎಷ್ಟು ಮಂದಿ ಎಷ್ಟು ನಿಮಿಷ ಆ ವಾಹಿನಿ ಹಾಕಿಕೊಂಡಿದ್ದರು ಎಂಬುದಷ್ಟೇ ಆ ಪಟ್ಟಿಯಲ್ಲಿರುವುದು.

ವಾಹಿನಿಗಳು ತಮ್ಮ ಧ್ವನಿಯೊಳಗೆ ಕಿವಿಗೆ ಕೇಳಿಸದ ಗುರುತೊಂದನ್ನು ಸೇರಿಸಿ ಪ್ರಸಾರ ಮಾಡುತ್ತವೆ. ಟಿವಿ ವೀಕ್ಷಣೆ ಅಳೆಯುವ ಬಾರ್ಕ್ ಸಂಸ್ಥೆ ಆಯ್ದ ಮನೆಗಳಲ್ಲಿ ಇಟ್ಟಿರುವ ಮೀಟರ್ ಅದನ್ನು ಹಿಡಿಯುತ್ತದೆ. ಟಿವಿ ಮುಂದೆ ಕುಳಿತವರು ಆ ಮೀಟರಿನ ರಿಮೋಟಿನಲ್ಲಿ ತಮ್ಮ ತಮ್ಮ ಗುಂಡಿ ಒತ್ತಬೇಕು. ದೇಶದ ಸುಮಾರು 23 ಕೋಟಿ ಟಿವಿ ಮನೆಗಳಿಗೆ ಇಂಥ ಮೀಟರ್ ಇರುವುದು 58 ಸಾವಿರದ ಆಸುಪಾಸಿನ ಮನೆಗಳಲ್ಲಿ. ಅಂದರೆ ಒಂದು ಮನೆ ಸುಮಾರು 4,000 ಮನೆಗಳ ಪರವಾಗಿ ಲೆಕ್ಕ ಕೊಡುತ್ತದೆ. ಸಿಗುವ ಅಂಕ ನಿಮಿಷವಾರು ಸರಾಸರಿ. ನೂರು ಮಂದಿಯಲ್ಲಿ 10 ಮಂದಿ ಅರ್ಧ ಗಂಟೆ ಕದಲದೆ ನೋಡಿದರೂ ಅಂಕ 10. 30 ಮಂದಿ ಹತ್ತು ನಿಮಿಷ ನೋಡಿ ಬೇಸತ್ತು ಚಾನೆಲ್ ಬದಲಿಸಿದರೂ 10. ಮೆಚ್ಚಿದ್ದೂ ಬೇಸತ್ತದ್ದೂ ಒಂದೇ ಅಂಕದಲ್ಲಿ ಕರಗಿಹೋಗುತ್ತವೆ.

ಗಡಿನಾಡಿನವರಿಗೆ ಅದಕ್ಕಿಂತ ದೊಡ್ಡ ಸಂಗತಿ ಇನ್ನೊಂದಿದೆ. ಕನ್ನಡ ವಾಹಿನಿಗಳ ಪಟ್ಟಿ ತಯಾರಾಗುವುದು ‘ಕರ್ನಾಟಕ’ ಎಂಬ ಮಾರುಕಟ್ಟೆಯ ಲೆಕ್ಕದಿಂದ. ತಲಪಾಡಿ ದಾಟಿದೊಡನೆ ಮನೆ ಕೇರಳದ್ದು. ಮಂಜೇಶ್ವರ, ಕುಂಬಳೆ, ಬದಿಯಡ್ಕ, ಪೆರ್ಲದ ಮನೆಗಳಲ್ಲಿ ರಾತ್ರಿಯಿಡೀ ಕನ್ನಡ ಧಾರಾವಾಹಿ ಓಡಿದರೂ ಆ ಪಟ್ಟಿ ಒಂದು ಕೂದಲೆಳೆಯಷ್ಟೂ ಅಲುಗುವುದಿಲ್ಲ. ಮಹಾರಾಷ್ಟ್ರದ ಅಕ್ಕಲಕೋಟೆ, ತಮಿಳುನಾಡಿನ ಹೊಸೂರು, ಆಂಧ್ರದ ಮಡಕಶಿರಾದವರ ಪಾಡೂ ಇದೇ. ಜಾಹೀರಾತಿನ ದರ ನಿಲ್ಲುವುದು ಇದೇ ಲೆಕ್ಕದ ಮೇಲೆ. ಹಾಗಿರುವಾಗ ನಮ್ಮ ರುಚಿ ಅಭಿರುಚಿ ಯಾವ ವಾಹಿನಿಗೆ ಬೇಕು?

ಅಂಕ ಗುರುವಾರ ಹೊರಬೀಳುತ್ತದೆ. ಇಳಿದಿದ್ದರೆ ಕತೆಯ ಟ್ರ್ಯಾಕ್ ಬದಲು. ಜಾಹೀರಾತು ಕಳೆದು ಒಂದು ಸಂಚಿಕೆಗೆ ಸುಮಾರು 22 ನಿಮಿಷ, ವಾರಕ್ಕೆ ಆರು ಸಂಚಿಕೆ ಎಂದರೆ 132 ನಿಮಿಷ. ವಾರವಾರವೂ ಒಂದೊಂದು ಸಿನಿಮಾ ಮುಗಿಸಿದಷ್ಟು ಕೆಲಸ. ಮುಂಗಡವಾಗಿ ಚಿತ್ರೀಕರಿಸಿಟ್ಟ ಸಂಚಿಕೆಗಳು ಕೈಯಲ್ಲಿಲ್ಲದಿದ್ದರೆ ಸಂಭಾಷಣೆಯ ಹಾಳೆ ಸೆಟ್ಟಿಗೆ ಬರುವುದೇ ಬೆಳಗ್ಗೆ. ಆಗ ಉಳಿಯುವ ದಾರಿ ಎಳೆಯುವುದೊಂದೇ. ಅತ್ತೆ ಒಂದು ಮಾತು ಆಡುತ್ತಾಳೆ. ಗುಡುಗಿನ ಸದ್ದಿನೊಂದಿಗೆ ಸೊಸೆಯ ಮುಖ, ಮಾವನ ಮುಖ, ಬಾಗಿಲಲ್ಲಿ ನಿಂತ ನಾದಿನಿಯ ಮುಖ, ಮತ್ತೆ ಅದೇ ಮೂವರು ಇನ್ನಷ್ಟು ಹತ್ತಿರದಿಂದ. ಮರುದಿನದ ಸಂಚಿಕೆ ಶುರುವಾಗುವುದೂ ಅದೇ ಮಾತಿನಿಂದ. ಇದರಲ್ಲಿ ಕಲಾವಿದರ ತಪ್ಪೇನೂ ಇಲ್ಲ. ಒಳ್ಳೆಯ ನಟನಟಿಯರು ಇಂಥ ದೃಶ್ಯಗಳಲ್ಲಿ ಸವೆದುಹೋಗುತ್ತಿರುವುದು ಸಂಕಟದ ವಿಷಯ.

ದೂರದರ್ಶನದ ಕಾಲದಲ್ಲಿ 13 ಸಂಚಿಕೆಗೆ ಅನುಮತಿ ಸಿಗುತ್ತಿತ್ತು, ಮುಂದುವರಿಸಬೇಕಾದರೆ ಮತ್ತೆ ಕೇಳಬೇಕಿತ್ತು. ಹಾಗಾಗಿ ಕತೆಯ ಕೊನೆ ಬರೆಯುವವರಿಗೆ ಗೊತ್ತಿರುತ್ತಿತ್ತು. ಈಗ ಅಂಕ ಇರುವಷ್ಟು ದಿನ ಕತೆ. ಅಂಕ ಬಿದ್ದರೆ ಮಧ್ಯಾಹ್ನದ ಹೊತ್ತಿಗೆ ತಳ್ಳುವುದು, ಇಲ್ಲವೇ ಒಂದೇ ವಾರದಲ್ಲಿ ಎಲ್ಲರನ್ನೂ ಒಳ್ಳೆಯವರನ್ನಾಗಿಸಿ ಮುಗಿಸಿಬಿಡುವುದು.

ಪ್ರಶಸ್ತಿಗಳೂ ಈ ಕೊರತೆ ತುಂಬುತ್ತಿಲ್ಲ. ವಾಹಿನಿಗಳು ವರ್ಷಕ್ಕೊಮ್ಮೆ ಅದ್ದೂರಿಯಾಗಿ ನಡೆಸುವ ಸಮಾರಂಭಗಳಲ್ಲಿ ತಮ್ಮ ಧಾರಾವಾಹಿಗಳಿಗೆ ತಾವೇ ಪ್ರಶಸ್ತಿ ಕೊಟ್ಟುಕೊಳ್ಳುತ್ತವೆ. ಅದು ಮನೆಮಂದಿಯ ಹಬ್ಬ, ಆಗಲಿ. ಆದರೆ 2021ರಲ್ಲಿ ಪ್ರಕಟವಾದ ಕೇರಳ ರಾಜ್ಯ ಟೆಲಿವಿಷನ್ ಪ್ರಶಸ್ತಿಯಲ್ಲಿ ತೀರ್ಪುಗಾರರು ಯೋಗ್ಯವಾದದ್ದು ಸಿಗಲಿಲ್ಲವೆಂದು ಅತ್ಯುತ್ತಮ ಧಾರಾವಾಹಿ ಪ್ರಶಸ್ತಿಯನ್ನೇ ಕೊಡಲಿಲ್ಲ; ಹೆಂಗಸರನ್ನೂ ಮಕ್ಕಳನ್ನೂ ತೋರಿಸುವ ರೀತಿಗೆ ಆಕ್ಷೇಪವನ್ನೂ ದಾಖಲಿಸಿದರು. ಕನ್ನಡಕ್ಕೂ ಅಂಥ ಕಟ್ಟುನಿಟ್ಟು ಬೇಕು.

ಟಿಆರ್‌ಪಿ ಪಟ್ಟಿ ಪ್ರಕಟಿಸಲೇಬೇಕೆಂದಿದ್ದರೆ ಮೇಲ್ಗಡೆ ‘ಮಾರುಕಟ್ಟೆ: ಕರ್ನಾಟಕ ಮಾತ್ರ’ ಎಂದು ಸ್ಪಷ್ಟವಾಗಿ ಹಾಕಿ. ಪಕ್ಕದಲ್ಲೇ ತಿಂಗಳಿಗೊಂದು ಧಾರಾವಾಹಿಯ ವಿಮರ್ಶೆ ಬರಲಿ. ಬರೆಯುವವರು ಪ್ರೋಮೋ ನಂಬಿ ಬರೆಯದೆ ಒಂದು ವಾರದ ಆರೂ ಸಂಚಿಕೆ ನೋಡಲಿ; ಹಿಂದಿನ ದಿನದ ಪುನರಾವರ್ತನೆ ಕಳೆದು ಹೊಸ ದೃಶ್ಯ ಎಷ್ಟು ನಿಮಿಷ ಉಳಿಯಿತು, ಪಾತ್ರ ಮನಸ್ಸು ಬದಲಿಸಿದ್ದಕ್ಕೆ ಕತೆಯಲ್ಲಿ ಕಾರಣ ಸಿಕ್ಕಿತೇ ಎಂದು ದಾಖಲಿಸಲಿ. ಆ ಅಂಕಣದಲ್ಲಿ ಕಾಸರಗೋಡಿನ ವೀಕ್ಷಕರ ಅಭಿಪ್ರಾಯಕ್ಕೂ ನಾಲ್ಕು ಸಾಲಿನ ಜಾಗ ಕೊಡಿ.

– ಕಿರುತೆರೆ ವೀಕ್ಷಕರು, ಬದಿಯಡ್ಕ, ಕಾಸರಗೋಡು ಜಿಲ್ಲೆ