ಪಿಎಚ್‌ಡಿ ಮುಗೀತು, ಎಲ್ಲರಿಗೂ ಶರಣು

ಹೋದ ವಾರ ಕೋಲ್ಕತ್ತದಲ್ಲಿ ನನ್ನ ಪಿಎಚ್‌ಡಿ ವೈವಾ ಮುಗಿಯಿತು. ಆಳಂದದ ಮನೆಯವರಿಗೆ, ಕಲಬುರಗಿಯ ಗುರುಗಳಿಗೆ, ಗೆಳತಿಯರಿಗೆ ಶರಣು. ಫೋನ್ ಮಾಡಿದವರೆಲ್ಲ "ಇಷ್ಟು ವರ್ಷ ಏನು ಓದಿದಿ?" ಅಂತ ಕೇಳುತ್ತಿದ್ದಾರೆ. ಅದನ್ನೂ ಹೇಳಬೇಕು. ನಿಮ್ಮ ರೊಕ್ಕ, ನಿಮ್ಮ ನಿದ್ದೆ ಯಾವುದಕ್ಕೆ ಹೋಯಿತು ಅಂತ ನಿಮಗೆ ಗೊತ್ತಾಗಬೇಕಲ್ವಾ?

ಪರಮಾಣುವಿನ ನಡುವೆ ಇರುವ ನ್ಯೂಕ್ಲಿಯಸ್ ಬಹಳ ದಟ್ಟ. ಅಂಥ ವಸ್ತುವನ್ನು ಒಂದು ಘನ ಸೆಂಟಿಮೀಟರ್ ಜಾಗದಲ್ಲಿ ತುಂಬಿದರೆ ಸುಮಾರು 23 ಕೋಟಿ ಟನ್ ತೂಗುತ್ತದೆ. ದೊಡ್ಡ ನಕ್ಷತ್ರ ಸಿಡಿದ ಮೇಲೆ ಉಳಿಯುವ ನ್ಯೂಟ್ರಾನ್ ನಕ್ಷತ್ರಗಳ ಒಡಲು ಅದಕ್ಕಿಂತಲೂ ಹಲವು ಪಟ್ಟು ದಟ್ಟ. ಅಲ್ಲಿಗೆ ಹೋಗಿ ನೋಡಲು ಆಗುವುದಿಲ್ಲ. ಅದಕ್ಕೇ ಬಂಗಾರದ ನ್ಯೂಕ್ಲಿಯಸ್‌ಗಳನ್ನು ಬೆಳಕಿನ ವೇಗದ ಹತ್ತಿರಕ್ಕೆ ಓಡಿಸಿ, ಬಂಗಾರದ ತೆಳು ಹಾಳೆಗೆ ಡಿಕ್ಕಿ ಹೊಡೆಸುತ್ತಾರೆ. ಇಂಥ ಪ್ರಯೋಗಗಳಿಗೆ ಜರ್ಮನಿಯ ಡಾರ್ಮ್‌ಸ್ಟಾಟ್‌ನಲ್ಲಿ ಫೇರ್ ಎಂಬ ದೊಡ್ಡ ಕೇಂದ್ರ ಕಟ್ಟುತ್ತಿದ್ದಾರೆ. 2010ರಿಂದ ಭಾರತವೂ ಅದರ ಪಾಲುದಾರ. ಡಿಕ್ಕಿಯಲ್ಲಿ ಅದುಮಿದ ದಟ್ಟ ವಸ್ತುವನ್ನು ಪರೀಕ್ಷಿಸುವ ಅಲ್ಲಿನ ಸಿಬಿಎಂ ಪ್ರಯೋಗವೇ ನನ್ನ ವಿಷಯ.

ಶಕ್ತಿ ಜಾಸ್ತಿ ಮಾಡಿದಷ್ಟೂ ದಟ್ಟಣೆ ಜಾಸ್ತಿ ಅನಿಸುತ್ತದೆ. ಹಾಗಲ್ಲ. ಶಕ್ತಿ ತೀರಾ ಹೆಚ್ಚಾದರೆ ಎರಡೂ ನ್ಯೂಕ್ಲಿಯಸ್‌ಗಳು ಒಂದರೊಳಗೊಂದು ತೂರಿ ಆಚೆ ಹೋಗಿಬಿಡುತ್ತವೆ. ನಡುವೆ ವಿಪರೀತ ಬಿಸಿ ಉಳಿಯುತ್ತದೆ, ದಟ್ಟಣೆ ಉಳಿಯುವುದಿಲ್ಲ. ಹದವಾದ ಶಕ್ತಿಯಲ್ಲಿ ಮಾತ್ರ ಅವು ಒಂದನ್ನೊಂದು ತಡೆದು ಅದುಮುತ್ತವೆ. ಆಗ ಮಾಮೂಲಿ ನ್ಯೂಕ್ಲಿಯಸ್‌ಗಿಂತ ಐದು ಪಟ್ಟಿಗೂ ಮೀರಿದ ದಟ್ಟಣೆ ಬರಬಹುದು ಎನ್ನುತ್ತವೆ ಲೆಕ್ಕಾಚಾರಗಳು. ಅದು ಇರುವುದು ಬೆಳಕು ಒಂದು ನ್ಯೂಕ್ಲಿಯಸ್ ದಾಟುವಷ್ಟು ಹೊತ್ತು.

ಅಷ್ಟರಲ್ಲಿ ಏನು ನಡೆಯಿತು ಅಂತ ಹೇಳಬಲ್ಲವು ಮ್ಯೂಆನ್ ಜೋಡಿಗಳು. ಮ್ಯೂಆನ್ ಅಂದರೆ ಎಲೆಕ್ಟ್ರಾನಿನಂಥದ್ದೇ, ಆದರೆ ಅದಕ್ಕಿಂತ ಭಾರವಾದ ಕಣ. ನ್ಯೂಕ್ಲಿಯಸ್ಸನ್ನು ಹಿಡಿದಿಟ್ಟಿರುವ ಬಲ ಅವಕ್ಕೆ ತಾಗುವುದಿಲ್ಲ. ಒಳಗಿನ ಸುದ್ದಿ ಕೆಡದೆ ಹೊರಗೆ ಬರುತ್ತದೆ. ಆದರೆ ಅವು ಬಲು ಅಪರೂಪ. ಅದಕ್ಕೇ ಸೆಕೆಂಡಿಗೆ ಒಂದು ಕೋಟಿ ಡಿಕ್ಕಿಗಳವರೆಗೆ ತಾಳುವಂತೆ ಸಿಬಿಎಂ ಅನ್ನು ರೂಪಿಸಿದ್ದಾರೆ. ದಪ್ಪ ಕಬ್ಬಿಣದ ಗೋಡೆಗಳು ಉಳಿದ ಕಣಗಳನ್ನು ತಡೆಯುತ್ತವೆ, ಮ್ಯೂಆನ್ ದಾಟಿ ಬರುತ್ತದೆ. ಗೋಡೆಗಳ ನಡುವಿನ ಡಿಟೆಕ್ಟರ್‌ಗಳ ಹೊಣೆ ಹೊತ್ತವರಲ್ಲಿ ನಮ್ಮ ದೇಶದ ತಂಡಗಳು ಮುಖ್ಯ. ಇದು ನನಗೆ ದೊಡ್ಡ ಹೆಮ್ಮೆ. ಆ ಡಿಕ್ಕಿಗಳನ್ನು ಕಂಪ್ಯೂಟರಿನಲ್ಲಿ ನಡೆಸಿ, ಬೇರೆ ಬೇರೆ ಕಡೆಯಿಂದ ಬಂದು ಜೋಡಿಯಂತೆ ಕಾಣುವ ಸುಳ್ಳು ಜೋಡಿಗಳ ರಾಶಿಯಲ್ಲಿ ನಿಜವಾದವನ್ನು ಹೆಕ್ಕುವ ದಾರಿ ಹುಡುಕಿದ್ದು ನನ್ನ ಕೆಲಸ.

2020ರ ಲಾಕ್‌ಡೌನ್‌ನಲ್ಲಿ ಊರಿಗೆ ಬಂದೆ. ಫೆಲೋಶಿಪ್ ತಿಂಗಳುಗಟ್ಟಲೆ ಬರಲಿಲ್ಲ. ತೊಗರಿಗೆ ನೆಟೆ ರೋಗ ಬಿದ್ದಿದ್ದರೂ ಕಾಕಾ ಒಂದು ಮಾತು ಆಡದೆ ಖರ್ಚಿಗೆ ಕೊಟ್ಟರು. ಮನೆಯಲ್ಲಿ ಕರೆಂಟ್ ಹೋದಾಗ ಬಸ್ ಸ್ಟ್ಯಾಂಡ್ ಹತ್ತಿರದ ಝೆರಾಕ್ಸ್ ಅಂಗಡಿಯ ಅಣ್ಣ ತಮ್ಮ ಇನ್ವರ್ಟರ್, ನೆಟ್ ಎರಡೂ ಬಿಟ್ಟುಕೊಟ್ಟರು. ಶಟರ್ ಎಳೆಯುವ ಹೊತ್ತು ಮೀರಿದರೂ "ನಿನ್ನ ಲೆಕ್ಕ ಮುಗೀಲಿ ತಂಗಿ" ಅಂತ ಕೂತಿರುತ್ತಿದ್ದರು. ಆ ರಾತ್ರಿಗಳಲ್ಲಿ ನಡೆದ ಲೆಕ್ಕಗಳೇ ಪ್ರಬಂಧದ ನಾಲ್ಕನೇ ಅಧ್ಯಾಯ. ಅವ್ವ, ನೀನು ಅಪ್ಪನ ಆಸ್ಪತ್ರೆ ಓಡಾಟ ಒಬ್ಬಳೇ ನೋಡಿಕೊಂಡಿ. ನನ್ನನ್ನು ಪುಸ್ತಕದ ಮುಂದಿನಿಂದ ಏಳಿಸಲಿಲ್ಲ.

ಬಿಎಸ್ಸಿಯಲ್ಲಿ ಕಲಿಸಿದ ಮೇಡಂ, ಇಂಗ್ಲಿಷ್ ಪಾಠಕ್ಕೆ ಹೆದರಿ ಕೂತಿದ್ದ ನಮಗೆ ನೀವು ಕ್ಲಾಸ್ ಮುಗಿದ ಮೇಲೂ ನಿಂತು ಕನ್ನಡದಲ್ಲಿ ಬಿಡಿಸಿ ಹೇಳುತ್ತಿದ್ದಿರಿ. ಪ್ರಬಂಧದ ಒಂದು ಪ್ರತಿ ನಿಮಗೆಂದೇ ತೆಗೆದಿಟ್ಟಿದ್ದೇನೆ. ದೀಪಾವಳಿಗೆ ಬಂದಾಗ ಮನೆಗೆ ತಂದು ಕೊಡುತ್ತೇನೆ.