ಶಾಲೆಯ ಪಡಸಾಲೆಯ ಗೋಡೆಗೆ ಹಸೆ ಚಿತ್ತಾರ: ದೇಣಿಗೆಗಾಗಿ ಮನವಿ

ಮಾನ್ಯರೇ,

ಮೂಡಿಗೆರೆ ತಾಲ್ಲೂಕಿನ ನಮ್ಮೂರ ಹಿರಿಯ ಪ್ರಾಥಮಿಕ ಶಾಲೆಯ ಪಡಸಾಲೆಯಲ್ಲಿ 42 ಅಡಿ ಉದ್ದ, 7 ಅಡಿ ಎತ್ತರದ ಮಣ್ಣಿನ ಗೋಡೆಯೊಂದಿದೆ. ಅದರ ಮೇಲೆ ಹಸೆ ಚಿತ್ತಾರ ಬರೆಸಬೇಕೆಂದು ಶಾಲಾಭಿವೃದ್ಧಿ ಸಮಿತಿಯೂ ಹಳೆ ವಿದ್ಯಾರ್ಥಿಗಳೂ ಸೇರಿ ನಿಶ್ಚಯಿಸಿದ್ದೇವೆ. ಸಾಗರದ ಕಡೆಯಿಂದ ಇಬ್ಬರು ಕಲಾವಿದೆಯರು ಬರಲು ಒಪ್ಪಿದ್ದಾರೆ. ಒಟ್ಟು ಖರ್ಚು 98,000 ರೂಪಾಯಿ. ಹಳೆ ವಿದ್ಯಾರ್ಥಿಗಳಿಂದ 31,000 ಕೈಸೇರಿದೆ. ಉಳಿದ 67,000ಕ್ಕೆ ತಮ್ಮ ನೆರವು ಬೇಕು.

ಹಸೆ ಚಿತ್ತಾರ ಮಲೆನಾಡಿನ ದೀವರು ಸಮುದಾಯದ ಹೆಣ್ಣುಮಕ್ಕಳ ಕಲೆ. ಮದುವೆಗೆ ಗೋಡೆಯ ಮೇಲೆ, ಭೂಮಿ ಹುಣ್ಣಿಮೆಗೆ ಬುಟ್ಟಿಯ ಮೇಲೆ ಬರೆಯುತ್ತಾರೆ. ಹಿನ್ನೆಲೆಗೆ ಕೆಮ್ಮಣ್ಣು, ಬಿಳಿಗೆ ಅಕ್ಕಿ, ಕಪ್ಪಿಗೆ ಕರಿಕಾಗುವಂತೆ ಹುರಿದ ಅಕ್ಕಿ, ಹಳದಿಗೆ ಗುರಿಗೆ ಬೀಜ. ಕುಂಚವೆಂದರೆ ಜಜ್ಜಿ ಕಟ್ಟಿದ ಪುಂಡಿ ನಾರು. ಇವುಗಳಲ್ಲಿ ಯಾವುದಕ್ಕೂ ಹೆಚ್ಚು ದುಡ್ಡು ಬೇಡ. ದುಡ್ಡು ಬೇಕಾಗಿರುವುದು ಗೋಡೆಗೆ ಮತ್ತು ಬರೆಯುವ ಕೈಗಳಿಗೆ.

ಗೋಡೆಯ ಕಥೆ ಹೀಗಿದೆ. ಹಿಂದೊಮ್ಮೆ ದುರಸ್ತಿಯ ಹೆಸರಿನಲ್ಲಿ ಮಣ್ಣಿನ ಗೋಡೆಗೆ ಸಿಮೆಂಟ್ ಗಾರೆ ಬಳಿದು, ಮೇಲೆ ಎಣ್ಣೆಬಣ್ಣ ಹಚ್ಚಲಾಗಿತ್ತು. ನೆಲದಿಂದ ಮೇಲೇರುವ ತೇವ ಹೊರಹೋಗಲು ದಾರಿಯಿಲ್ಲದೆ ಒಳಗೇ ಕೂತು, ಕೆಳಗಿನ ಎರಡಡಿ ಉಬ್ಬಿಕೊಂಡಿದೆ. ಬೆರಳಿಂದ ತಟ್ಟಿದರೆ ಟೊಳ್ಳು ಸದ್ದು. ಬಣ್ಣದ ಹಕ್ಕಳೆ ಕಿತ್ತಲ್ಲಿ ಬಿಳಿ ಉಪ್ಪು ಹಿಟ್ಟಿನಂತೆ ಕೈಗಂಟುತ್ತದೆ. ಇದರ ಮೇಲೆ ಎಂಥ ಕಲಾವಿದರು ಬರೆದರೂ ಒಂದು ಮಳೆಗಾಲ ದಾಟುವುದಿಲ್ಲ. ಆದ್ದರಿಂದ ಮೊದಲು ಸಿಮೆಂಟ್ ಪೂರ್ತಿ ಕೀಳಬೇಕು. ಜೇಡಿಮಣ್ಣು, ಮರಳು, ಸಣ್ಣಗೆ ಕತ್ತರಿಸಿದ ಭತ್ತದ ಹುಲ್ಲು ಕಲಸಿ, ವಾರ ಕೊಳೆಹಾಕಿ, ಎರಡು ಪದರ ಮೆತ್ತಬೇಕು. ದಪ್ಪಗೆ ಒಂದೇ ಸಲ ಮೆತ್ತಿದರೆ ಒಣಗುವಾಗ ಬಿರುಕು ಬಿಡುತ್ತದೆ. ಗಾರೆ ಕೆಲಸದವರು ಒಬ್ಬರು, ಸಹಾಯಕರಿಬ್ಬರು, ಏಳು ದಿನ. ಸಾಮಗ್ರಿ ಸೇರಿ 25,200. ಸೂರಿನ ಒಡೆದ ಹೆಂಚು ಬದಲಿಸಿ, ನೀರು ಗೋಡೆಗೆ ಸಿಡಿಯದಂತೆ ದಂಬೆ (ಸೂರಿನ ನೀರು ಹರಿದುಹೋಗುವ ದೋಣಿ) ಕಟ್ಟಲು 17,500. ದಂಬೆಯನ್ನು ಬಿಟ್ಟು ಹಣ ಉಳಿಸಿ ಎಂದು ಸಲಹೆ ಬಂದಿತ್ತು. ನಾವು ಒಪ್ಪಲಿಲ್ಲ. ಮೂಡಿಗೆರೆಯ ಮಳೆ ಗೊತ್ತಿದ್ದವರು ಯಾರೂ ಒಪ್ಪುವ ಮಾತಲ್ಲ.

ಗೋಡೆ ಒಣಗಿದ ಮೇಲೆ ಸಗಣಿ ಸಾರಿಸಿ ಕೆಮ್ಮಣ್ಣು ಬಳಿಯುವುದು. ಮಣ್ಣನ್ನು ರಾತ್ರಿ ನೆನೆಸಿ, ಬೆಳಿಗ್ಗೆ ಬಟ್ಟೆಯಲ್ಲಿ ಸೋಸಿ ನೊರಜು ತೆಗೆಯಬೇಕು. ಸ್ವಲ್ಪ ಗಂಜಿ ಸೇರಿಸದಿದ್ದರೆ ಮಕ್ಕಳು ಒರಗಿದಾಗ ಅಂಗಿಗೆ ಕೆಂಪು ಹತ್ತುತ್ತದೆ. ಗಂಜಿ ಹೆಚ್ಚಾದರೆ ಆಷಾಢದಲ್ಲಿ ಬೂಷ್ಟು ಹಿಡಿಯುತ್ತದೆ. ಬಿಳಿಗೆ ಅಕ್ಕಿಯನ್ನು ಆಯಾ ದಿನವೇ ನುಣ್ಣಗೆ ಅರೆಯಬೇಕು. ಮರುದಿನಕ್ಕೆ ಇಟ್ಟರೆ ಹುಳಿಬಂದು ಗೆರೆ ಹರಡುತ್ತದೆ. ಕಪ್ಪಿಗೆ ಹುರಿಯುವ ಅಕ್ಕಿ ಕಾಳಿನೊಳಗೂ ಕಪ್ಪಾಗಬೇಕು, ಬೂದಿಯಾಗಬಾರದು. ಬೂದಿಯಾದರೆ ಗೆರೆ ಮಂಕು. ನಾರಿನ ತುದಿಯಲ್ಲಿ ನೀರು ಹೆಚ್ಚಿದ್ದರೆ ಕೆಂಪಿನ ಮೇಲೆ ಇಳಿದುಬಿಡುತ್ತದೆ. ಪ್ರತಿ ಗೆರೆಗೂ ಮುಂಚೆ ಬಟ್ಟಲಿನ ಅಂಚಿಗೆ ಒರೆಸಿಕೊಳ್ಳಬೇಕು. ಕೈ ಅವಸರಪಟ್ಟರೆ ನಡೆಯದ ಕೆಲಸವಿದು. ಅದಕ್ಕೇ ಇಬ್ಬರಿಗೂ 14 ದಿನ, ದಿನಕ್ಕೆ ತಲಾ 1,500ರಂತೆ 42,000 ಗೌರವಧನ ಇಟ್ಟಿದ್ದೇವೆ. ಇದರಲ್ಲಿ ಚೌಕಾಸಿ ಮಾಡಿಲ್ಲ, ಮಾಡುವುದೂ ಇಲ್ಲ. ಪ್ರಯಾಣಕ್ಕೆ 6,000. ಊಟ, ವಸತಿ ಊರಿನ ಮನೆಗಳದ್ದು.

ನಡುವಿನ ಹಸೆಯ ವಿನ್ಯಾಸ ಅವರ ಸಂಪ್ರದಾಯದಂತೆಯೇ ಇರುತ್ತದೆ. ಅದನ್ನು ತಿದ್ದಲು ನಾವು ಯಾರೂ ಅಲ್ಲ. ಎರಡು ಬದಿಗಳಲ್ಲಿ ಮಾತ್ರ ನಮ್ಮ ಸೀಮೆಯನ್ನು ಬರೆಯಲು ಕೇಳಿಕೊಂಡಿದ್ದೇವೆ. ಕೆಳಗಿನ ಪಟ್ಟಿಯಲ್ಲಿ ಹಳೇಬೀಡಿನ ಹೊಯ್ಸಳೇಶ್ವರ ಗುಡಿಯ ಅಡಿಸಾಲಿನಂತೆ ಆನೆಗಳು, ಅದರ ಮೇಲೆ ಸಿಂಹ, ಬಳ್ಳಿ. ಮದನಿಕೆಯನ್ನೂ ಬರೆಸಿ ಎಂದವರಿದ್ದಾರೆ. ಆ ಮೈಯ ಬಾಗು ಚಿತ್ತಾರದ ನೇರಗೆರೆಗೆ ಒಗ್ಗುವುದಿಲ್ಲ. ಬೇಲೂರಿನ ಗುಡಿ ನಿಂತಿರುವ ನಕ್ಷತ್ರಾಕಾರದ ಜಗಲಿ ಚೆನ್ನಾಗಿ ಒಗ್ಗುತ್ತದೆ. ಮೇಲ್ಭಾಗದಲ್ಲಿ ಮಳೆಗೆ ಗೊರಬು ಹೊದ್ದು ಸಸಿ ನೆಡುವವರು, ಮೆಣಸಿನ ಬಳ್ಳಿ ಹಬ್ಬಿದ ಮರ, ಹೂಮಳೆ (ಕಾಫಿ ಹೂವರಳಿಸುವ ಬೇಸಿಗೆ ಮಳೆ) ಬಿದ್ದ ಮೇಲಿನ ಕಾಫಿ ಗಿಡ. ರೆಂಬೆಯ ಗೆಣ್ಣುಗೆಣ್ಣಿಗೂ ಗೊಂಚಲಾಗಿ ಅರಳುವ ಆ ಹೂವಿಗೆ ಅಕ್ಕಿಹಿಟ್ಟಿನ ಚುಕ್ಕೆಗಿಂತ ಸರಿಯಾದ ಬಿಳಿ ಇನ್ನೊಂದಿಲ್ಲ.

ಸಂಜೆ ಒಂದೊಂದು ಗಂಟೆ ಮಕ್ಕಳು ಬಿದಿರಿನ ಬುಟ್ಟಿಗಳ ಮೇಲೆ ಕಲಿಯುತ್ತಾರೆ. ಬುಟ್ಟಿ, ಸಾಮಗ್ರಿಗೆ 7,300.

ಮಣ್ಣು ಒಣಗಲು ತಿಂಗಳಾದರೂ ಬೇಕಾದ್ದರಿಂದ ಕಾರ್ತಿಕ ಮಾಸದೊಳಗೆ ಹಣ ಕೂಡಿದರೆ ಜನವರಿಯಲ್ಲಿ ಬರವಣಿಗೆ ಶುರುಮಾಡಬಹುದು. ನೂರು ರೂಪಾಯಿಯೂ ನಮಗೆ ದೊಡ್ಡದೇ. ದೇಣಿಗೆಯನ್ನು ಶಾಲೆಯ ಕಚೇರಿಯಲ್ಲಿ ಕೊಟ್ಟು ರಸೀದಿ ಪಡೆಯಿರಿ. ವಸ್ತುರೂಪದಲ್ಲಿ ಕೊಡುವವರು ಭತ್ತದ ಹುಲ್ಲು, ನೊರಜಿಲ್ಲದ ಕೆಮ್ಮಣ್ಣು, ಅಕ್ಕಿ ತಂದುಕೊಡಬಹುದು. ಮಿಕ್ಕ ಎಣ್ಣೆಬಣ್ಣದ ಡಬ್ಬಿಗಳು ದಯವಿಟ್ಟು ಬೇಡ. ಕೊಟ್ಟವರ ಹೆಸರನ್ನು ಚಿತ್ತಾರದ ಗೋಡೆಯ ಮೇಲೆ ಬರೆಸುವುದಿಲ್ಲ. ಕಚೇರಿಯ ಹೊರಗಿನ ಹಲಗೆಯ ಮೇಲೆ ಹೆಸರು, ಮೊತ್ತ, ಖರ್ಚಿನ ಲೆಕ್ಕ ಮೂರನ್ನೂ ಬರೆದು ಇಡುತ್ತೇವೆ.

ಇಂತಿ ತಮ್ಮ ವಿಶ್ವಾಸಿಗಳು,
ಶಾಲಾಭಿವೃದ್ಧಿ ಸಮಿತಿ ಮತ್ತು ಹಳೆ ವಿದ್ಯಾರ್ಥಿಗಳು